ಸಾಕುಮನೆಗೆ ಹೋದ ಮಗುವಿನ ಲೆಕ್ಕ ಯಾರ ಹತ್ರ ಇದೆ?

ಪ್ರಶ್ನೆ: ನಾವಿರೋದು ಚಿಂಚವಡದಲ್ಲಿ. ನಮ್ಮ ಸೊಸೈಟಿಯ ಪಕ್ಕದ ವಿಂಗ್‌ನಲ್ಲಿ ಒಂದು ಮರಾಠಿ ಕುಟುಂಬ 9 ವರ್ಷದ ಹುಡುಗನನ್ನ ಫಾಸ್ಟರ್ ಕೇರ್ ಅಂತ ಮನೆಗೆ ಕರ್ಕೊಂಡು ಬಂದು ಎಂಟು ತಿಂಗಳಾಯ್ತು. ಹುಡುಗ ಯಾದಗಿರಿ ಕಡೆಯವನಂತೆ, ಅಪ್ಪ ಕಟ್ಟಡದ ಕೆಲಸಕ್ಕೆ ಬಂದೋನು ತೀರಿಕೊಂಡ, ಅಮ್ಮ ಇಲ್ಲೇ ಪುಣೆಯಲ್ಲಿ ಟ್ರೀಟ್‌ಮೆಂಟ್‌ನಲ್ಲಿದ್ದಾಳಂತೆ. ಆ ಮನೆಯವರು ಒಳ್ಳೆಯವರೇ, ನನಗೆ ಯಾವ ಅನುಮಾನವೂ ಇಲ್ಲ. ಆದ್ರೆ ಮೊನ್ನೆ ಲಿಫ್ಟಿನಲ್ಲಿ ಅವನು ತನ್ನಷ್ಟಕ್ಕೆ ಕನ್ನಡದಲ್ಲಿ ಏನೋ ಹೇಳ್ಕೋತಿದ್ದ, ನನ್ನ ನೋಡಿ ಸುಮ್ಮನಾದ. ಅವತ್ತಿಂದ ತಲೆಯಲ್ಲಿ ಒಂದೇ ಪ್ರಶ್ನೆ. ಇಂಥ ಮಗು ಹೇಗಿದೆ ಅಂತ ಹೊರಗಿನವರು ಯಾರಾದ್ರೂ ಬಂದು ನೋಡ್ತಾರಾ? ಇಂಥ ಮಕ್ಕಳ ಬಗ್ಗೆ ಸರ್ಕಾರ ಜನರಿಗೆ ಏನಾದ್ರೂ ಲೆಕ್ಕ ಕೊಡತ್ತಾ? ನಾನು ಅವನ ಜೊತೆ ಕನ್ನಡದಲ್ಲಿ ಮಾತಾಡಿದ್ರೆ ತಪ್ಪಾಗತ್ತಾ?

ಉತ್ತರ:

ತಂಗೀ, ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೇದಕ್ಕೆ ಉತ್ತರ, ಕಾನೂನಿನ ಪ್ರಕಾರ ಹೌದು, ತಿಂಗಳಿಗೊಮ್ಮೆ ಬಂದು ನೋಡ್ಬೇಕು. ಎರಡನೇದಕ್ಕೆ ಉತ್ತರ ಬಹಳ ಬೇಜಾರಿನದು, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಮೂರನೇದನ್ನ ಕೊನೆಗೆ ಇಟ್ಕೋತೀನಿ, ಯಾಕಂದ್ರೆ ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ.

ಮೊದಲು ಒಂದು ಗೊಂದಲ ಬಗೆಹರಿಸ್ಕೊಳ್ಳೋಣ. ಸಾಕುಮಗ ಅಂದ್ರೆ ನಮ್ಮೂರ ಕಡೆ ದತ್ತುಮಗ ಅಂತಲೇ ಅರ್ಥ ಮಾಡ್ಕೋತಾರೆ. ಫಾಸ್ಟರ್ ಕೇರ್ ದತ್ತು ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂನಲ್ಲಿ ಇದು ಬರತ್ತೆ. ಮಗುವನ್ನ ಮಕ್ಕಳ ಕಲ್ಯಾಣ ಸಮಿತಿ ಒಂದು ಕುಟುಂಬಕ್ಕೆ ಸದ್ಯಕ್ಕೆ ನೋಡ್ಕೊಳ್ಳಿ ಅಂತ ಒಪ್ಪಿಸತ್ತೆ ಅಷ್ಟೇ, ಹೆತ್ತ ತಾಯಿ ತಾಯಿಯಾಗೇ ಇರ್ತಾಳೆ, ಸಮಿತಿ ಬೇಡ ಅನ್ನದ ಹೊರತು ಆಗಾಗ ಬಂದು ಮಗುವನ್ನ ನೋಡ್ಬಹುದು, ಆಕೆ ಹುಷಾರಾಗಿ ಮಗುವನ್ನ ನೋಡ್ಕೊಳ್ಳೋ ಸ್ಥಿತಿಗೆ ಬಂದ್ಲು ಅಂತ ಸಮಿತಿಗೆ ಅನಿಸಿದ್ರೆ ಮಗು ಅವಳ ಹತ್ರಾನೇ ವಾಪಸ್ ಹೋಗ್ಬಹುದು. ಬೇರೆ ಊರಿನ ಮಗು ಸಿಕ್ಕಿದ್ರೆ ಅದರ ಸ್ವಂತ ಜಿಲ್ಲೆಯ ಸಮಿತಿಗೆ ಕಳಿಸೋ ದಾರಿ ಕಾನೂನಿನಲ್ಲಿದೆ, ಆದ್ರೆ ಅದು ಮಗುವಿಗೆ ಒಳ್ಳೇದಾದ್ರೆ ಮಾತ್ರ. ನಿಮ್ಮ ಹುಡುಗನನ್ನ ಯಾದಗಿರಿಗೆ ಕಳಿಸದೆ ಪುಣೆಯಲ್ಲೇ ಇಟ್ಟಿರೋದು ಬಹುಶಃ ಅಮ್ಮ ಇಲ್ಲಿದ್ದಾಳೆ ಅನ್ನೋ ಕಾರಣಕ್ಕೇ. ಹಾಗಿದ್ರೆ ಅದು ಸರಿಯಾದ ನಿರ್ಧಾರ. ಆದ್ರೆ ಅವನು ಎಂಟು ತಿಂಗಳಲ್ಲಿ ಅಮ್ಮನನ್ನ ಎಷ್ಟು ಸಲ ನೋಡಿದ? ಈ ಪ್ರಶ್ನೆಯನ್ನ ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ.

ದುಡ್ಡಿನ ವಿಷಯ ಜನ ಕೇಳ್ತಾನೇ ಇರ್ತಾರೆ ಅದಕ್ಕೇ ಹೇಳ್ತೀನಿ, ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಇಂಥ ಮಗುವಿಗೆ ತಿಂಗಳಿಗೆ 4000 ರೂಪಾಯಿ ಇದೆ. ಮಹಾರಾಷ್ಟ್ರದ್ದೇ ಬಾಲ ಸಂಗೋಪನ ಯೋಜನೆ ಬೇರೆ ಇದೆ, ಅದು ಹೆಚ್ಚಾಗಿ ಒಂಟಿ ತಾಯಂದಿರ ಮತ್ತು ಸಂಬಂಧಿಕರ ಹತ್ರ ಇರೋ ಮಕ್ಕಳಿಗೆ ಹೋಗತ್ತೆ. 4000ದಲ್ಲಿ ಪುಣೆಯಂಥ ಊರಲ್ಲಿ ಮಗು ಸಾಕೋಕಾಗತ್ತಾ ಅಂತ ನಿಮಗೇ ಗೊತ್ತು. ಹಾಗಾಗಿ ದುಡ್ಡಿಗೋಸ್ಕರ ಕರ್ಕೊಂಡು ಬಂದಿದ್ದಾರೆ ಅಂತ ಸೊಸೈಟಿಯಲ್ಲಿ ಯಾರಾದ್ರೂ ಆಡ್ಕೊಂಡ್ರೆ ದಯವಿಟ್ಟು ಅಲ್ಲೇ ನಿಲ್ಲಿಸಿ.

ಈಗ ಯಾರು ನೋಡ್ತಾರೆ ಅನ್ನೋದು. ಮಕ್ಕಳ ಕಲ್ಯಾಣ ಸಮಿತಿ ಅಂದ್ರೆ ಒಬ್ಬ ಅಧ್ಯಕ್ಷರು, ನಾಲ್ಕು ಜನ ಸದಸ್ಯರು, ಅದರಲ್ಲಿ ಕನಿಷ್ಠ ಒಬ್ಬ ಹೆಣ್ಣುಮಗಳು. ಇವರಿಗೆ ಮ್ಯಾಜಿಸ್ಟ್ರೇಟರಿಗೆ ಇರೋ ಅಧಿಕಾರ ಇದೆ. ಸಾಕುಮನೆಗಳನ್ನ ಪ್ರತಿ ತಿಂಗಳು ಪರಿಶೀಲನೆ ಮಾಡ್ಬೇಕು, ಅಲ್ಲಿ ಮಗುವಿನ ಆರೈಕೆ ಸರಿ ಇಲ್ಲ ಅಂದ್ರೆ ಬೇರೆ ಮನೆಗೆ ಕಳಿಸ್ಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಓದೋಕೆ ಚೆನ್ನಾಗಿದೆ. ಆದ್ರೆ ಇದೇ ಸಮಿತಿಯ ಮುಂದೆ ಓಡಿಹೋದ ಮಕ್ಕಳು, ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕ ಮಕ್ಕಳು, ದೌರ್ಜನ್ಯಕ್ಕೆ ಒಳಗಾದ ಮಕ್ಕಳು, ಭಿಕ್ಷೆಗೆ ಹಚ್ಚಿದ ಮಕ್ಕಳು ಎಲ್ಲಾ ಬರ್ತಾರೆ, ಪುಣೆಯಷ್ಟು ದೊಡ್ಡ ಜಿಲ್ಲೆಯಲ್ಲಿ ಇಷ್ಟೇ ಜನ ಮನೆಮನೆ ತಿರುಗೋದು ಎಲ್ಲಿಂದ ಸಾಧ್ಯ, ಹಾಗಾಗಿ ಓಡಾಟದ ಕೆಲಸ ಜಿಲ್ಲಾ ಬಾಲ ಸಂರಕ್ಷಣ ಕಕ್ಷದ, ಅಂದ್ರೆ ಜಿಲ್ಲೆಯ ಮಕ್ಕಳ ರಕ್ಷಣಾ ಕಚೇರಿಯ, ಸಿಬ್ಬಂದಿ ಮೇಲೆ ಬೀಳತ್ತೆ, ಅವರಲ್ಲಿ ಬಹಳಷ್ಟು ಜನ ಕಾಂಟ್ರಾಕ್ಟ್ ಮೇಲೆ ಇರೋರು, ಒಬ್ಬರ ಕೈಯಲ್ಲಿ ಮೂರು ಜನ ನೋಡ್ಬೇಕಾದಷ್ಟು ಫೈಲು. ಅವರನ್ನ ನಾನು ಬೈಯೋದಿಲ್ಲ. ಬಿಸಿಲಲ್ಲಿ ಸ್ಕೂಟಿ ಮೇಲೆ ಹಡಪ್ಸರದಿಂದ ಭೋಸರಿಗೆ ಹೋಗಿ ಒಂದೇ ದಿನ ನಾಲ್ಕು ಮನೆ ಮುಗಿಸೋರನ್ನ ಕಣ್ಣಾರೆ ನೋಡಿದ್ದೀನಿ.

ನಾನು ಹೇಳೋದು ಬೇರೆ. ಮಗುವನ್ನ ಆ ಮನೆಗೆ ಕಳಿಸಿದ್ದೂ ಅದೇ ಸಮಿತಿ, ಮನೆ ಸರಿ ಇದೆಯಾ ಅಂತ ನೋಡೋದೂ ಅದೇ ಸಮಿತಿ, ಸರಿ ಇಲ್ಲ ಅಂದ್ರೆ ತಮ್ಮದೇ ಆಯ್ಕೆ ತಪ್ಪಾಯ್ತು ಅಂತ ಬರ್ಕೊಳ್ಳಬೇಕಾದೋರೂ ಅವರೇ. ಎಷ್ಟೇ ಪ್ರಾಮಾಣಿಕ ಮನುಷ್ಯ ಆದ್ರೂ ಇಲ್ಲಿ ಕಣ್ಣು ಸ್ವಲ್ಪ ಮಂಜಾಗತ್ತೆ.

ಒಂದು ಸಂಗತಿ ಹೇಳ್ತೀನಿ, ಹೆಸರು ಊರು ಎಲ್ಲಾ ಬಿಟ್ಟು. ಕೆಲವು ವರ್ಷದ ಹಿಂದೆ ನನ್ನನ್ನ ದುಭಾಷಿಯಾಗಿ ಕರೆದ್ರು. ಮಗು ಕಲಬುರ್ಗಿ ಕಡೆಯ ಹುಡುಗಿ, 11 ವರ್ಷ, ಪುಣೆಯಲ್ಲಿ ಒಂದು ಸಾಕುಮನೆಯಲ್ಲಿದ್ಲು. ನಾನು ಹೋಗೋ ಮುಂಚೆ ನಾಲ್ಕು ತಿಂಗಳ ಪರಿಶೀಲನೆ ಆಗಿತ್ತು, ನಾಲ್ಕೂ ಫಾರ್ಮಿನಲ್ಲಿ ಸಮಾಧಾನಕರ ಅಂತಲೇ ಇತ್ತು. ಮನೆ ಅಂದ್ರೆ ಕನ್ನಡಿ ಹಾಗೆ ಸ್ವಚ್ಛ. ಹಾಲ್‌ನಲ್ಲಿ ನಮ್ಮೆಲ್ಲರಿಗೂ ಚಹಾ ಪೋಹೆ ಬಂತು, ಹುಡುಗಿ ಸಾಕುತಾಯಿಯ ಪಕ್ಕದಲ್ಲಿ ಮಂಡಿ ಮೇಲೆ ಕೈ ಇಟ್ಕೊಂಡು ಕೂತಿದ್ಲು. ಅಧಿಕಾರಿ ಮರಾಠಿಯಲ್ಲಿ ಕೇಳ್ತಾರೆ, ಊಟ ಸರಿ ಇದೆಯಾ, ಸಾಕುತಾಯಿ ಅದನ್ನ ಅರ್ಧ ಸನ್ನೆಯಲ್ಲಿ ಅರ್ಧ ಹಿಂದಿಯಲ್ಲಿ ಮಗುವಿಗೆ ಹೇಳ್ತಾಳೆ, ಮಗು ತಲೆ ಆಡಿಸತ್ತೆ, ಫಾರ್ಮಿನಲ್ಲಿ ಟಿಕ್ ಬೀಳತ್ತೆ. ಆಗ ಗೊತ್ತಾಯ್ತು ನನಗೆ, ಹಿಂದಿನ ನಾಲ್ಕು ತಿಂಗಳೂ ದುಭಾಷಿ ಯಾರು ಅಂತ. ಯಾರ ಮನೆಯನ್ನ ಪರಿಶೀಲನೆ ಮಾಡ್ತಿದ್ರೋ ಆ ಮನೆಯ ತಾಯೀನೇ.

ನಾನು ಒಂದು ನೆಪ ಮಾಡಿದೆ, ನಮ್ಮನೆಗೆ ಕೊತ್ತಂಬರಿ ಬೇಕು, ಇವಳನ್ನ ಕರ್ಕೊಂಡು ಕೆಳಗೆ ಹೋಗಿ ಬರ್ತೀನಿ ಅಂದೆ. ಸಾಕುತಾಯಿ ಅವಳ ಕೈಗೆ ಹತ್ತು ರೂಪಾಯಿ ಕೊಟ್ಟು ನಿನಗೂ ಏನಾದ್ರೂ ತಗೋ ಅಂದ್ಲು. ಮೂರನೇ ಮಹಡಿಯಿಂದ ಎರಡನೇ ಮಹಡಿಗೆ ಇಳಿಯೋ ಮೆಟ್ಟಿಲಲ್ಲಿ ಹುಡುಗಿ ನಿಂತ್ಲು. ಆ ಹತ್ತು ರೂಪಾಯಿಯನ್ನ ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡ್ಕೊಂಡಿದ್ಲು. ನನ್ನ ಮುಖ ನೋಡದೆ ಕೇಳಿದ್ಲು, "ಆಂಟಿ, ನಮ್ಮ ತಮ್ಮ ಎಲ್ಲಿ ಅದಾನ್ರಿ?"

ಅವಳಿಗೊಬ್ಬ ತಮ್ಮ ಇದ್ದ, ಅವನನ್ನ ಬೇರೆ ಒಂದು ಬಾಲಗೃಹದಲ್ಲಿ ಇಟ್ಟಿದ್ರು, ಇಬ್ಬರನ್ನ ಬೇರೆ ಮಾಡಿ ಐದು ತಿಂಗಳಾಗಿತ್ತು, ಆ ಐದು ತಿಂಗಳಲ್ಲಿ ಅವನು ಇದ್ದಾನೋ ಇಲ್ಲವೋ ಅಂತ ಅವಳಿಗೆ ಒಬ್ಬರೂ ಹೇಳಿರಲಿಲ್ಲ. ಒಡಹುಟ್ಟಿದವರನ್ನ ಆದಷ್ಟು ಒಟ್ಟಿಗೆ ಇಡ್ಬೇಕು ಅಂತ ಅದೇ 44ನೇ ಕಲಂ ಹೇಳತ್ತೆ ನೋಡಿ. ಮೇಲೆ ಬಂದು ಸಾಕುತಾಯಿಗೆ ಹೇಳಿದ್ರೆ ಆಕೆ ಸೆರಗಿನಿಂದ ಬಾಯಿ ಮುಚ್ಕೊಂಡು ಅತ್ತುಬಿಟ್ಲು, ತಮ್ಮ ಅಂತ ಒಬ್ಬ ಇದ್ದಾನೆ ಅನ್ನೋದೇ ಆಕೆಗೆ ಗೊತ್ತಿರಲಿಲ್ಲ, ರಾತ್ರಿ ನಿದ್ದೆಯಲ್ಲಿ ಒಂದು ಹೆಸರು ಹೇಳ್ತಾಳೆ ಅದು ಅವಳ ಊರಿನ ಹೆಸರು ಅಂದ್ಕೊಂಡಿದ್ದೆ ಅಂದ್ಲು. ಆ ಮನೆಯಲ್ಲಿ ಏನೂ ಕೆಟ್ಟದ್ದು ನಡೀತಿರಲಿಲ್ಲ. ಒಳ್ಳೆ ಮನೆ. ಫಾರ್ಮಿನಲ್ಲಿದ್ದ ಒಂದು ಮಾತೂ ಸುಳ್ಳಲ್ಲ, ಆದ್ರೂ ಆ ಮಗುವಿನ ಎದೆಯಲ್ಲಿದ್ದ ಒಂದೇ ಒಂದು ಪ್ರಶ್ನೆ ಯಾವ ಕಾಗದಕ್ಕೂ ಬರಲಿಲ್ಲ. ಆಮೇಲೆ ಅರ್ಜಿ, ಆರ್ಡರ್, ಎರಡೂ ಕಡೆಯ ಸಹಿ ಅಂತ ಏಳು ವಾರ ಹಿಡೀತು, ಒಂದು ಭಾನುವಾರ ಭೇಟಿ ಮಾಡಿಸಿದ್ವಿ. ತಮ್ಮ ಇದ್ದ ಜಾಗ ಆ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆ ದೂರ ಅಷ್ಟೇ.

ಆವತ್ತಿಂದ ಯಾರು ಕೇಳಿದ್ರೂ ನಾನು ಹೇಳೋದು ಇದೊಂದೇ, ಪರಿಶೀಲನೆ ಅಂದ್ರೆ ಮಗು ಆ ಮನೆಯವರು ಯಾರೂ ಇಲ್ಲದ ಕಡೆ, ತನ್ನ ಭಾಷೆಯಲ್ಲಿ, ತನ್ನನ್ನ ಅಲ್ಲಿಗೆ ಕಳಿಸದೇ ಇರೋ ಒಬ್ಬರ ಜೊತೆ ಮಾತಾಡೋದು. ದುಭಾಷಿಗಳ ಪಟ್ಟಿ ಇಟ್ಕೊಳ್ಳಬೇಕು ಅಂತ ನಿಯಮದಲ್ಲೂ ಇದೆ. ಮುಂಬೈ, ಪುಣೆ, ಗೋವಾದಲ್ಲಿ ನಮ್ಮ ಕಡೆಯ ಕೂಲಿಕಾರರ ಮಕ್ಕಳು ಎಷ್ಟಿದ್ದಾರೆ, ವಾಸ್ಕೋದ ಬೈನಾ ಕಡೆ ಹೋದ್ರೆ ಬೀದಿಯಲ್ಲೇ ಕನ್ನಡ ಕೇಳತ್ತೆ, ಆದ್ರೂ ಇಂಥ ಕೆಲಸಕ್ಕೆ ಕನ್ನಡ ಬರೋರು ಬೇಕು ಅಂತ ಮುಂಚೆನೇ ಯಾರಿಗೂ ಹೊಳೆಯೋದಿಲ್ಲ, ಮಗು ಮಾತಾಡ್ತಿಲ್ಲ ಅಂತ ಆದಮೇಲೆ ಫೋನ್ ಬರತ್ತೆ.

ಹೊರಗಿನ ಕಣ್ಣಿಗೆ ಎಷ್ಟು ಬೆಲೆ ಇದೆ ಅನ್ನೋದಕ್ಕೆ ನಮ್ಮ ಮುಂಬೈಯದ್ದೇ ಉದಾಹರಣೆ ಇದೆ. ದೇವನಾರದಲ್ಲಿರೋ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕೋಶಿಶ್ ತಂಡಕ್ಕೆ ಬಿಹಾರ ಸರ್ಕಾರ ತನ್ನ ಆಶ್ರಯ ಮನೆಗಳ ಸೋಶಿಯಲ್ ಆಡಿಟ್ ಮಾಡಿ ಅಂತ ಕೊಡ್ತು. 110 ಸಂಸ್ಥೆಗಳನ್ನ ನೋಡಿ 2018ರಲ್ಲಿ ರಿಪೋರ್ಟ್ ಕೊಟ್ರು. ಮುಜಫ್ಫರ್‌ಪುರದ ಬಾಲಿಕಾ ಗೃಹದಲ್ಲಿ ಹೆಣ್ಣುಮಕ್ಕಳ ಮೇಲೆ ಏನು ನಡೀತಿತ್ತು ಅನ್ನೋದು ಹೊರಗೆ ಬಂದಿದ್ದು ಹಾಗೆ. ಮೇ ತಿಂಗಳ ಕೊನೆಗೆ ಎಫ್‌ಐಆರ್ ಆಯ್ತು, ಕೇಸು ಸಿಬಿಐಗೆ ಹೋಯ್ತು, ದೆಹಲಿಯ ಕೋರ್ಟ್ 2020ರಲ್ಲಿ 19 ಜನರನ್ನ ತಪ್ಪಿತಸ್ಥರು ಅಂತ ತೀರ್ಪು ಕೊಡ್ತು. ಆ ಮನೆ ಸರ್ಕಾರದ ದುಡ್ಡಲ್ಲೇ ನಡೀತಿತ್ತು, ಆ ಜಿಲ್ಲೆಯಲ್ಲೂ ಸಮಿತಿ ಇತ್ತು, ಅಧಿಕಾರಿಗಳಿದ್ರು, ಅಷ್ಟೇ ಅಲ್ಲ, ಶಿಕ್ಷೆ ಆದವರಲ್ಲಿ ಮಕ್ಕಳನ್ನ ಕಾಯಬೇಕಾಗಿದ್ದ ಅಧಿಕಾರದಲ್ಲಿದ್ದವರೂ ಇದ್ರು. ಆಡಿಟ್ ಮಾಡಿದ ಹುಡುಗ ಹುಡುಗಿಯರು ಏನು ದೊಡ್ಡ ಮ್ಯಾಜಿಕ್ ಮಾಡಲಿಲ್ಲ, ಮಕ್ಕಳ ಜೊತೆ ಕೂತು ಮಾತಾಡಿದ್ರು, ಕೇಳಿಸಿಕೊಂಡಿದ್ದನ್ನ ಬರೆದ್ರು.

ಅದಕ್ಕೂ ಮುಂಚೆ ಪನ್ವೇಲ್ ಹತ್ತಿರದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಮನೆಯ ಕೇಸು, 2011ರಲ್ಲಿ ಹೊರಬಂದಿದ್ದು, ಅಲ್ಲೂ ಬಾಂಬೆ ಹೈಕೋರ್ಟ್ ನೇಮಿಸಿದ್ದ ಸಮಿತಿ ಕೈಹಾಕಿದ ಮೇಲೇ ಸತ್ಯ ಗೊತ್ತಾಗಿದ್ದು, 2013ರಲ್ಲಿ ಶಿಕ್ಷೆ ಆಯ್ತು. ಗೋವಾದ ಮಡಗಾಂವ್‌ನಲ್ಲಿ ಅನಾಥಾಶ್ರಮದ ಹೆಸರಲ್ಲಿ ವರ್ಷಗಟ್ಟಲೆ ಮಕ್ಕಳ ಮೇಲೆ ದೌರ್ಜನ್ಯ ನಡೆದಿದ್ದು 1991ರಲ್ಲಿ ಬಯಲಾಯ್ತು, 1996ರಲ್ಲಿ ಆ ಮನುಷ್ಯನಿಗೆ ಜೀವಾವಧಿ ಆಯ್ತು. ಆಮೇಲೆ ಗೋವಾ 2003ರಲ್ಲೇ ತನ್ನದೇ ಮಕ್ಕಳ ಕಾಯ್ದೆ ಮಾಡ್ಕೊಂಡ್ತು, ಮಕ್ಕಳಿಗೇ ಅಂತ ಪ್ರತ್ಯೇಕ ನ್ಯಾಯಾಲಯ ಇಟ್ಕೊಂಡ್ತು.

ನೀವು ಹೇಳ್ಬಹುದು, ಇವೆಲ್ಲಾ ಸಂಸ್ಥೆಗಳು, ನಮ್ಮ ಹುಡುಗ ಇರೋದು ಮನೆಯಲ್ಲಿ ಅಂತ. ಮಗುವಿಗೆ ಮನೆಯೇ ಒಳ್ಳೇದು, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ, ನಲವತ್ತು ಮಂಚದ ಹಾಲ್‌ನಲ್ಲಿ ಬೆಳೆಯೋದಕ್ಕಿಂತ ಒಬ್ಬ ಅಮ್ಮನ ಕೈ ಅಡುಗೆ ತಿಂದು ಬೆಳೆಯೋದು ಎಷ್ಟೋ ಮೇಲು. ಆದ್ರೆ ನಿಗಾ ಅನ್ನೋ ವಿಷಯಕ್ಕೆ ಬಂದ್ರೆ ಲೆಕ್ಕ ಉಲ್ಟಾ ಇದೆ. ಬಾಲಗೃಹಕ್ಕೆ ಪರಿಶೀಲನಾ ಸಮಿತಿ ಅಂತ ಬೇರೆ ಇದೆ, ಮೂರು ತಿಂಗಳಿಗೊಮ್ಮೆ ಕನಿಷ್ಠ ಮೂರು ಜನ ಹೋಗ್ಬೇಕು, ಅದರಲ್ಲಿ ಒಬ್ಬ ಹೆಂಗಸು, ಒಬ್ಬ ಡಾಕ್ಟರ್ ಇರಲೇಬೇಕು, ವಾರದೊಳಗೆ ರಿಪೋರ್ಟ್ ಕೊಡ್ಬೇಕು. ಅಲ್ಲಿ ಮಕ್ಕಳದ್ದೇ ಸಮಿತಿ ಇರತ್ತೆ, ದೂರು ಸಲಹೆ ಹಾಕೋ ಡಬ್ಬಿ ಇರತ್ತೆ, ಅಡುಗೆಯವಳು, ವಾಚ್‌ಮನ್, ಟ್ಯೂಷನ್ ಟೀಚರ್ ಅಂತ ನಾಲ್ಕು ಕಣ್ಣು ಜಾಸ್ತಿ ಇರತ್ತೆ. ಸಾಕುಮನೆಯಲ್ಲಿ ಬಾಗಿಲು ಹಾಕಿದ್ರೆ ಮುಗೀತು. ಡಬ್ಬಿ ಇಲ್ಲ, ಬಹಳ ಸಲ ಜೊತೆಗೆ ಇನ್ನೊಂದು ಮಗುವೂ ಇರಲ್ಲ. ತಿಂಗಳಿಗೊಮ್ಮೆ ಬರೋ ಆ ಒಂದು ಭೇಟಿ ತಪ್ಪಿದ್ರೆ ಆ ತಿಂಗಳು ಆ ಮಗುವನ್ನ ರಾಜ್ಯದ ಪರವಾಗಿ ಯಾರೂ ನೋಡಿಲ್ಲ ಅಂತಲೇ ಅರ್ಥ.

ಹಾಗಾದ್ರೆ ಸಮಿತಿಯ ಮೇಲೆ ಯಾರು? 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು, ಅದರಲ್ಲಿ ಜಿಲ್ಲಾಧಿಕಾರಿಯ ಜವಾಬ್ದಾರಿಯನ್ನ ಇನ್ನಷ್ಟು ಗಟ್ಟಿ ಮಾಡಿದ್ದಾರೆ, ಮೂರು ತಿಂಗಳಿಗೊಮ್ಮೆ ಸಮಿತಿಯ ಕೆಲಸ ರಿವ್ಯೂ ಮಾಡ್ಬೇಕು, ಸಮಿತಿಯ ಮೇಲೆ ದೂರಿದ್ರೆ ಮಗು ಅಥವಾ ಮಗುವಿಗೆ ಸಂಬಂಧಪಟ್ಟ ಯಾರಾದ್ರೂ ಅವರ ಹತ್ರ ಹೋಗ್ಬಹುದು. ಇದು ಒಳ್ಳೇದಾಯ್ತು, ಆದ್ರೆ ಕಲೆಕ್ಟರ್ ಟೇಬಲ್ ಮೇಲೆ ನೀರು, ಜಮೀನು, ಎಲೆಕ್ಷನ್, ಗಣಪತಿ ಬಂದೋಬಸ್ತ್ ಎಲ್ಲಾ ಇರತ್ತೆ. ಆಮೇಲೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, 2005ರ ಕಾಯ್ದೆಯಿಂದ ಬಂದಿದ್ದು, ಮಹಾರಾಷ್ಟ್ರಕ್ಕೂ ಗೋವಾಕ್ಕೂ ಒಂದೊಂದಿದೆ, ದೆಹಲಿಯಲ್ಲಿ ರಾಷ್ಟ್ರೀಯ ಆಯೋಗ ಇದೆ. ಆಯೋಗ ವಿಚಾರಣೆ ನಡೆಸುವಾಗ ಸಿವಿಲ್ ಕೋರ್ಟ್ ಹಾಗೆ ಸಮನ್ಸ್ ಕಳಿಸ್ಬಹುದು, ದಾಖಲೆ ತರಿಸ್ಬಹುದು, ಹೈಕೋರ್ಟಿಗೆ ಹೋಗ್ಬಹುದು. ಆದೇಶ ಮಾಡೋಕೆ ಬರೋದಿಲ್ಲ, ಶಿಫಾರಸು ಅಷ್ಟೇ. ಅಧ್ಯಕ್ಷರನ್ನ ಆರಿಸೋ ಸಮಿತಿಗೆ ಅದೇ ಇಲಾಖೆಯ ಮಂತ್ರಿಯೇ ಅಧ್ಯಕ್ಷರು. ಸದಸ್ಯರ ಸೀಟು ಖಾಲಿ ಬಿಡ್ಬೇಡಿ, ತುಂಬಿಸಿ ಅಂತ ಸುಪ್ರೀಂ ಕೋರ್ಟೇ 2018ರ ಫೆಬ್ರವರಿಯಲ್ಲಿ ಸಂಪೂರ್ಣ ಬೆಹುರಾ ಕೇಸಿನಲ್ಲಿ ರಾಜ್ಯಗಳಿಗೆ ಹೇಳ್ಬೇಕಾಯ್ತು ಅಂದ್ರೆ ಪರಿಸ್ಥಿತಿ ಹೇಗಿರಬೇಕು ನೀವೇ ಊಹಿಸ್ಕೊಳ್ಳಿ.

ಸ್ವತಂತ್ರ ಅಂತ ಯಾವುದನ್ನ ಕರೀಬೇಕು ಅನ್ನೋದಕ್ಕೆ ನನ್ನ ಹತ್ರ ಇರೋ ಅಳತೆ ಸರಳವಾದದ್ದು. ಅವರನ್ನ ನೇಮಿಸೋರು ಯಾರು, ಸಂಬಳ ಯಾರ ಜೇಬಿನಿಂದ, ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟೋ ಅಧಿಕಾರ ಇದೆಯಾ, ಕಂಡಿದ್ದನ್ನ ಯಾರ ಪರ್ಮಿಷನ್ನೂ ಇಲ್ಲದೆ ಜನರ ಮುಂದೆ ಇಡಬಹುದಾ. ಈ ಕೊನೇದು ನಮ್ಮಲ್ಲಿ ಎಲ್ಲಕ್ಕಿಂತ ದುರ್ಬಲ.

ಬೇರೆ ದೇಶಗಳಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳಲ್ಲ. ಇಂಗ್ಲೆಂಡಿನಲ್ಲಿ 2004ರಿಂದ ಸರ್ಕಾರದ ಆರೈಕೆಯಲ್ಲಿರೋ ಪ್ರತಿ ಮಗುವಿಗೂ ಒಬ್ಬ ಸ್ವತಂತ್ರ ರಿವ್ಯೂ ಅಧಿಕಾರಿ ಇರ್ತಾರೆ, ಮಗುವಿನ ಪ್ಲಾನ್ ಸರಿಯಾಗಿ ನಡೀತಿದೆಯಾ ಅಂತ ನೋಡೋದೇ ಅವರ ಕೆಲಸ, ಆದ್ರೆ ಅವರಿಗೆ ಸಂಬಳ ಕೊಡೋದು ಅದೇ ಸ್ಥಳೀಯ ಕೌನ್ಸಿಲ್, ಹಾಗಾಗಿ ಎಷ್ಟು ಸ್ವತಂತ್ರ ಅನ್ನೋ ಚರ್ಚೆ ಅಲ್ಲೂ ಮುಗಿದಿಲ್ಲ. ಅಮೆರಿಕದಲ್ಲಿ ಸಾಮಾನ್ಯ ನಾಗರಿಕರನ್ನೇ ಸೇರಿಸಿ ರಿವ್ಯೂ ಪ್ಯಾನೆಲ್ ಮಾಡ್ಬೇಕು ಅಂತ 1996ರಲ್ಲಿ ಕೇಂದ್ರದ ಕಾನೂನಿಗೆ ತಿದ್ದುಪಡಿ ತಂದ್ರು, ಆ ಪ್ಯಾನೆಲ್ ವರ್ಷಕ್ಕೊಂದು ರಿಪೋರ್ಟನ್ನ ಜನರಿಗೆ ಸಿಗೋ ಹಾಗೆ ಕೊಡ್ಬೇಕು. ಎಷ್ಟು ಮಕ್ಕಳು ಫಾಸ್ಟರ್ ಕೇರ್‌ನಲ್ಲಿದ್ದಾರೆ, ಎಷ್ಟು ತಿಂಗಳಿಂದ ಇದ್ದಾರೆ, ಎಷ್ಟು ಜನ ಹೆತ್ತವರ ಹತ್ರ ವಾಪಸ್ ಹೋದ್ರು ಅನ್ನೋದು ಅಲ್ಲಿ ಪ್ರತಿ ವರ್ಷ ಪ್ರಕಟ ಆಗತ್ತೆ, ಯಾರು ಬೇಕಾದ್ರೂ ನೋಡ್ಬಹುದು. ಇಷ್ಟಿದ್ದೂ ಅಲ್ಲಿ ಮಕ್ಕಳಿಗೆ ಅನ್ಯಾಯ ಆಗಿದೆ, ಟೆಕ್ಸಸ್ ರಾಜ್ಯದ ಮೇಲೆ 2011ರಲ್ಲಿ ಹಾಕಿದ ಕೇಸು ಹತ್ತು ವರ್ಷ ದಾಟಿದ್ರೂ ಮುಗಿಯಲಿಲ್ಲ. ಆದ್ರೆ ಅನ್ಯಾಯ ಆಗಿದೆ ಅಂತ ಅಂಕಿ ಇಟ್ಕೊಂಡು ಕೋರ್ಟಿಗೆ ಹೋಗೋಕಾದ್ರೂ ಆಯ್ತಲ್ಲ.

ನನಗೆ ಹೆಚ್ಚು ಹಿಡಿಸಿದ್ದು ನ್ಯೂಜಿಲೆಂಡ್. ಅಲ್ಲಿ ಮಕ್ಕಳ ಇಲಾಖೆಯನ್ನೇ ನೋಡೋಕೆ ಅಂತ ಒಂದು ಸ್ವತಂತ್ರ ಮಾನಿಟರ್ ಇದೆ, 2019ರಲ್ಲಿ ಶುರುವಾಗಿದ್ದು. ಅವರು ಊರೂರಿಗೆ ಹೋಗಿ ಮಕ್ಕಳನ್ನ, ಸಾಕು ಅಪ್ಪ ಅಮ್ಮಂದಿರನ್ನ, ಹೆತ್ತವರನ್ನ, ಕೆಳಗಿನ ಹಂತದ ಸಿಬ್ಬಂದಿಯನ್ನ ಎಲ್ಲರನ್ನೂ ಮಾತಾಡಿಸ್ತಾರೆ, ಆಮೇಲೆ ವರ್ಷಕ್ಕೊಂದು ರಿಪೋರ್ಟು, ಅದರಲ್ಲಿ ಎಷ್ಟು ಮಕ್ಕಳನ್ನ ನಿಗದಿ ಮಾಡಿದಷ್ಟು ಸಲ ಭೇಟಿ ಮಾಡಿದ್ದಾರೆ ಅನ್ನೋದರ ಜೊತೆಗೆ ಮಕ್ಕಳು ಹೇಳಿದ ಮಾತೂ ಇರತ್ತೆ, ಹೆಸರಿಲ್ಲದೆ. ಇದು ಸುಮ್ಮನೆ ಬಂದಿದ್ದಲ್ಲ. 1950ರಿಂದ 2019ರವರೆಗೆ ಆ ದೇಶದಲ್ಲಿ ಸರ್ಕಾರದ ಮತ್ತು ಚರ್ಚುಗಳ ಆರೈಕೆಯಲ್ಲಿದ್ದೋರಲ್ಲಿ ಸುಮಾರು 2 ಲಕ್ಷ ಜನರಿಗೆ ದೌರ್ಜನ್ಯ ಆಗಿದೆ ಅಂತ ಅಲ್ಲಿನ ವಿಚಾರಣಾ ಆಯೋಗದ ಅಂದಾಜು, ಕೊನೆಯ ರಿಪೋರ್ಟ್ 2024ರ ಜುಲೈನಲ್ಲಿ ಬಂತು. ಅಷ್ಟು ಮಕ್ಕಳ ಬಾಲ್ಯ ಹೋದಮೇಲೆ ಕಲಿತ ಪಾಠ ಅದು. ನಾವು ಅಷ್ಟು ಕಾಯಬೇಕಾ?

ಈಗ ನಿಮ್ಮ ಎರಡನೇ ಪ್ರಶ್ನೆ, ಜನರಿಗೆ ಲೆಕ್ಕ. ಆಯೋಗಗಳು ವರ್ಷಕ್ಕೊಂದು ರಿಪೋರ್ಟ್ ಮಾಡ್ಬೇಕು, ಸರ್ಕಾರ ಅದರ ಮೇಲೆ ಏನು ಕ್ರಮ ತಗೊಂಡ್ತು ಅಂತ ಬರೆದು ಸದನದ ಮುಂದೆ ಇಡ್ಬೇಕು, ಇದು ಕಾನೂನು. ಆದ್ರೆ ನಿಮ್ಮ ಜಿಲ್ಲೆಯಲ್ಲಿ ಎಷ್ಟು ಮಕ್ಕಳು ಸಾಕುಮನೆಯಲ್ಲಿದ್ದಾರೆ, ಅವರಿಗೆ ಆಗಬೇಕಿದ್ದ ತಿಂಗಳ ಭೇಟಿಯಲ್ಲಿ ಎಷ್ಟು ಆಯ್ತು ಅಂತ ಒಬ್ಬ ಸಾಮಾನ್ಯ ಮನುಷ್ಯ ಹುಡುಕೋಕೆ ಹೋದ್ರೆ ಸುಲಭಕ್ಕೆ ಸಿಗೋದಿಲ್ಲ. ಕಚೇರಿಯಲ್ಲಿ ಕೇಳಿದ್ರೆ ಬರೋ ಉತ್ತರ ಒಂದೇ, ಮಕ್ಕಳ ವಿಷಯ ಗೋಪ್ಯ ಮೇಡಂ, 74ನೇ ಕಲಂ.

ಬಾಲನ್ಯಾಯ ಕಾಯ್ದೆಯ 74ನೇ ಕಲಂ ನನಗೂ ಗೊತ್ತು, ಅದನ್ನ ನಾನು ಗೌರವಿಸ್ತೀನಿ. ಮಗುವಿನ ಹೆಸರು, ಫೋಟೋ, ಸ್ಕೂಲು, ವಿಳಾಸ, ಗುರುತು ಹಿಡಿಯೋ ಏನನ್ನೂ ಪ್ರಕಟ ಮಾಡಬಾರದು, ಮಾಡಿದ್ರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ. ಸರಿಯಾಗೇ ಇದೆ. ಆದ್ರೆ ಆ ಕಲಂ ಬಂದಿದ್ದು ಮಗುವನ್ನ ಮುಚ್ಚಿಡೋಕೆ, ಇಲಾಖೆಯನ್ನ ಮುಚ್ಚಿಡೋಕೆ ಅಲ್ಲ. ಇಷ್ಟು ಭೇಟಿ ಬಾಕಿ ಇತ್ತು ಇಷ್ಟು ಆಯ್ತು ಅಂದ್ರೆ ಯಾವ ಮಗುವಿನ ಗುರುತು ಗೊತ್ತಾಗತ್ತೆ? ಮೂರೇ ಮಕ್ಕಳಿರೋ ಸಣ್ಣ ಜಿಲ್ಲೆಯಲ್ಲಿ ಗುರುತು ಸಿಗೋ ಭಯ ನಿಜ, ಅಲ್ಲಿ ನಾಲ್ಕೈದು ಜಿಲ್ಲೆ ಸೇರಿಸಿ ವಿಭಾಗದ ಮಟ್ಟದಲ್ಲಿ ಅಂಕಿ ಕೊಡಿ, ಇಂಗ್ಲೆಂಡಿನ ಅಂಕಿಅಂಶದಲ್ಲಿ ತೀರಾ ಚಿಕ್ಕ ಸಂಖ್ಯೆ ಬಂದ್ರೆ ಅದನ್ನ ಮರೆಮಾಡ್ತಾರೆ, ದಾರಿ ಇದೆ.

ನನ್ನ ಕೇಳಿದ್ರೆ ಪ್ರಕಟ ಆಗಬೇಕಾದ ಮೊದಲ ಅಂಕಿ ಮಕ್ಕಳ ಸಂಖ್ಯೆ ಅಲ್ಲವೇ ಅಲ್ಲ. ಎಷ್ಟು ಮಕ್ಕಳನ್ನ ಮನೆಯವರಿಲ್ಲದೆ ಒಂಟಿಯಾಗಿ ಮಾತಾಡಿಸಿದ್ರು ಅನ್ನೋದು. ಆಮೇಲೆ ಮಗುವಿನ ಭಾಷೆ ಬರೋರು ಜೊತೆಗಿದ್ರಾ, ಒಡಹುಟ್ಟಿದವರಿಂದ ಬೇರೆಯಾದ ಮಕ್ಕಳೆಷ್ಟು, ಹೆತ್ತ ತಾಯಿ ತಂದೆಯನ್ನ ಮೂರು ತಿಂಗಳಿಂದ ನೋಡದೇ ಇರೋ ಮಕ್ಕಳೆಷ್ಟು, ಮನೆಯಿಂದ ಮನೆಗೆ ಬದಲಾದ ಮಕ್ಕಳೆಷ್ಟು, ದೂರು ಬಂದ ದಿನದಿಂದ ಯಾರಾದ್ರೂ ಹೋಗಿ ನೋಡೋಕೆ ಎಷ್ಟು ದಿನ ಹಿಡೀತು. ಎಷ್ಟು ಫಲಾನುಭವಿಗಳಿಗೆ ಎಷ್ಟು ಕೋಟಿ ಅಂತ ಹೇಳೋ ಪೇಪರ್ ಬೇಕಾದಷ್ಟಿದೆ, ಅದರಿಂದ ಆ ಹುಡುಗಿಯ ತಮ್ಮ ಎಲ್ಲಿದ್ದಾನೆ ಅಂತ ಗೊತ್ತಾಗೋದಿಲ್ಲ.

ಇದನ್ನೆಲ್ಲಾ ಕೇಳೋ ಹಕ್ಕು ನಿಮಗಿದೆ. ಮಾಹಿತಿ ಹಕ್ಕು ಕಾಯ್ದೆಯಡಿ ಜಿಲ್ಲಾ ಬಾಲ ಸಂರಕ್ಷಣ ಕಕ್ಷಕ್ಕೆ ಒಂದು ಅರ್ಜಿ ಹಾಕಿ, 10 ರೂಪಾಯಿ ಫೀ, ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು, ಹಾಗಾಗಿ ಕಥೆ ಬರೀಬೇಡಿ. ಯಾವ ಮಗುವಿನ ಹೆಸರೂ ಬೇಡ, ಒಟ್ಟು ಅಂಕಿ ಸಾಕು ಅಂತ ಮೊದಲ ಸಾಲಿನಲ್ಲೇ ಬರೀರಿ, ಆಮೇಲೆ ಕಳೆದ 12 ತಿಂಗಳಲ್ಲಿ ಸಾಕುಮನೆಯಲ್ಲಿದ್ದ ಮಕ್ಕಳೆಷ್ಟು, ಆಗಬೇಕಿದ್ದ ತಿಂಗಳ ಪರಿಶೀಲನೆ ಎಷ್ಟು, ಆಗಿದ್ದೆಷ್ಟು, ದುಭಾಷಿ ಬಳಸಿದ್ದು ಎಷ್ಟು ಸಲ, ಅಷ್ಟು ಕೇಳಿ. 30 ದಿನದಲ್ಲಿ ಉತ್ತರ ಬರ್ಬೇಕು, ಬರದಿದ್ರೆ ಮೊದಲ ಮೇಲ್ಮನವಿ. ಗೋಪ್ಯ ಅಂತ ತಳ್ಳಿಹಾಕಿದ್ರೆ ಮಾಹಿತಿ ಹಕ್ಕು ಕಾಯ್ದೆಯದ್ದೇ 10ನೇ ಕಲಂ ನೆನಪಿಸಿ, ಕೊಡಬಾರದ ಭಾಗ ಬಿಟ್ಟು ಉಳಿದಿದ್ದನ್ನ ಕೊಡ್ಬೇಕು ಅಂತ ಅದರಲ್ಲಿದೆ. ನಿಮ್ಮ ಊರಿನ ಕನ್ನಡ ಸಂಘದವರೂ ಸೇರಿ ಹಾಕಿದ್ರೆ ಇನ್ನೂ ಒಳ್ಳೇದು, ರಾಜ್ಯೋತ್ಸವದ ಜೊತೆಗೆ ಇಂಥದ್ದೂ ಆಗಲಿ, ಕನ್ನಡ ಬರೋ ನಾಲ್ಕು ಜನರ ಹೆಸರನ್ನ ದುಭಾಷಿ ಪಟ್ಟಿಗೆ ಕೊಟ್ಟುಬಂದ್ರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಮಗುವಿಗೆ ಏನೋ ತೊಂದರೆ ಇದೆ ಅಂತ ಮುಂದೆ ಯಾವತ್ತಾದ್ರೂ ಅನಿಸಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲಾ ನೇರ ಸಮಿತಿಗೆ ಬರೀರಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿದ್ರೆ ತಿಳಿಸಲೇಬೇಕು, ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದೂ ಸುಮ್ಮನಿರೋದು ಅಪರಾಧ. ಆದ್ರೆ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಒಂದಕ್ಷರ ಹಾಕ್ಬೇಡಿ, ಫೋಟೋ ಅಂತೂ ಬೇಡವೇ ಬೇಡ. ಆ ಹುಡುಗ ಅದೇ ಲಿಫ್ಟಿನಲ್ಲಿ ಇನ್ನೂ ಓಡಾಡ್ಬೇಕು.

ಇನ್ನೊಂದು, ಹೊರಗಿನವರು ಬಂದು ನೋಡೋದು ಆ ಮನೆಯವರಿಗೆ ಅವಮಾನ ಅಂತ ಯಾರೂ ತಿಳ್ಕೊಳ್ಳಬಾರದು. ಸಾಕುತಾಯಂದಿರ ಜೊತೆ ಕೂತು ಮಾತಾಡಿದ್ದೀನಿ, ಅವರಿಗೆ ಕೇಳೋಕೆ ನೂರು ಇರತ್ತೆ, ರಾತ್ರಿ ಹಾಸಿಗೆ ಒದ್ದೆ ಮಾಡ್ತಾನೆ ಏನು ಮಾಡ್ಲಿ, ಅಮ್ಮನನ್ನ ನೋಡಿ ಬಂದ ದಿನ ಊಟ ಬಿಡ್ತಾನೆ ಏನು ಮಾಡ್ಲಿ, ದುಡ್ಡು ನಾಲ್ಕು ತಿಂಗಳಿಂದ ಬಂದಿಲ್ಲ ಯಾರಿಗೆ ಹೇಳ್ಲಿ. ಮಗುವನ್ನ ತಂದು ಒಪ್ಪಿಸಿ ಹೋದ ಸಿಬ್ಬಂದಿ ಫೋನ್ ಎತ್ತದೆ ಇದ್ದಾಗ ಈ ಹೆಣ್ಣುಮಕ್ಕಳು ಎಷ್ಟು ಒಂಟಿಯಾಗ್ತಾರೆ ಅಂತ ಯಾವ ಫಾರ್ಮಿನಲ್ಲೂ ಬರೆಯೋದಿಲ್ಲ. ಪಕ್ಕದ ವಿಂಗಿಗೆ ಹೋಗಿ ಒಂದು ಡಬ್ಬಿ ಕೊಟ್ಟು ಮಾತಾಡಿಸಿ ಬನ್ನಿ.

ಈಗ ನಿಮ್ಮ ಮೂರನೇ ಪ್ರಶ್ನೆ. ಕನ್ನಡದಲ್ಲಿ ಮಾತಾಡಿದ್ರೆ ತಪ್ಪಾ? ಖಂಡಿತ ಮಾತಾಡಿ. ಆ ಮನೆಯ ತಾಯಿಗೆ ಮೊದಲೇ ಹೇಳಿ, ಅವನ ಭಾಷೆ ನನಗೆ ಬರತ್ತೆ, ಆಗಾಗ ಮಾತಾಡಿಸ್ಲಾ ಅಂತ, ಆಕೆ ಖುಷಿನೇ ಪಡ್ತಾಳೆ. ಅಪ್ಪ ಹೇಗೆ ಹೋದ್ರು, ಅಮ್ಮನಿಗೆ ಏನಾಗಿದೆ ಅಂತ ಕೆದಕಬೇಡಿ. ಇವತ್ತು ಸ್ಕೂಲಲ್ಲಿ ಏನು ಆಡಿದ್ರಿ, ನಿಮ್ಮೂರಲ್ಲಿ ಜಾತ್ರೆ ಯಾವಾಗ, ಜೋಳದ ರೊಟ್ಟಿ ತಿಂತೀಯಾ, ಅಷ್ಟು ಸಾಕು. ನಿಮ್ಮ ಕನ್ನಡ ಅವನ ಕನ್ನಡಕ್ಕಿಂತ ಬೇರೆ ಇರತ್ತೆ, ಅವನು ನಕ್ರೆ ನಗಲಿ. ಅವನಾಗೇ ಏನಾದ್ರೂ ಹೇಳಿದ್ರೆ ಮಧ್ಯ ಬಾಯಿ ಹಾಕದೆ ಕೇಳಿಸ್ಕೊಳ್ಳಿ, ಯಾರಿಗೂ ಹೇಳಲ್ಲ ಅಂತ ಮಾತ್ರ ಮಾತು ಕೊಡ್ಬೇಡಿ. ಮನೆಗೆ ಬಂದು ಅವನು ಹೇಳಿದ ಮಾತಲ್ಲೇ ತಾರೀಕು ಹಾಕಿ ಬರೆದಿಟ್ಕೊಳ್ಳಿ. ಮುಂದಿನ ಸಲ ಪರಿಶೀಲನೆಗೆ ಯಾರಾದ್ರೂ ಬಂದಾಗ ಸಾಕುತಾಯಿಗೆ ಹೇಳಿ ಇಟ್ಟಿರಿ, ಕನ್ನಡ ಬರೋರು ಪಕ್ಕದ ವಿಂಗಿನಲ್ಲೇ ಇದ್ದಾರೆ ಅಂತ ಅವರಿಗೆ ತಿಳಿಸೋಕೆ, ಮತ್ತು ಅಮ್ಮನನ್ನ ಯಾವಾಗ ಭೇಟಿ ಮಾಡಿಸ್ತೀರಿ ಅಂತ ಕೇಳೋಕೆ.